ಬಿಡುಗಡೆಯ ಪಾಠ, ಲೆಕ್ಕದ ಹಾಳೆ: ಗಲಾತ್ಯ ಪತ್ರಿಕೆಯ ಅಧ್ಯಯನ ತರಗತಿಯೊಂದರ ವಿಮರ್ಶೆ

ಗಲಾತ್ಯದವರಿಗೆ ಅಪೊಸ್ತಲ ಪೌಲನು ಬರೆದ ಪತ್ರಿಕೆಯನ್ನು, ಅಂದರೆ ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಆ ಪತ್ರವನ್ನು, ಹತ್ತು ವಾರಗಳಲ್ಲಿ ಓದಿಸುವ ಆನ್‌ಲೈನ್ ಅಧ್ಯಯನ ತರಗತಿಯೊಂದನ್ನು ನಾನು ಈಚೆಗೆ ಮುಗಿಸಿದೆ. ವಾರಕ್ಕೊಮ್ಮೆ ಒಂದೂವರೆ ಗಂಟೆಯ ಪಾಠ, ಪಾಠದ ನಂತರ ಹನ್ನೆರಡು ಮಂದಿಯ ಗುಂಪಿನಲ್ಲಿ ಚರ್ಚೆ, ಮನೆಯಲ್ಲಿ ಓದಿಕೊಳ್ಳಲು ಒಂದು ಕೈಪಿಡಿ, ಆ ಕೈಪಿಡಿಯ ಕೊನೆಯಲ್ಲಿ ಪ್ರತಿದಿನ ತುಂಬಬೇಕಾದ ‘ಭಕ್ತಿಯ ದಿನಚರಿ’ ಎಂಬ ಹಾಳೆಗಳು, ಇಷ್ಟು ಅದರ ಸ್ವರೂಪ. ತರಗತಿಯ ವಿಷಯ ಒಂದೇ: ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯಿಂದಲೋ ಅಥವಾ ನೇಮನಿಷ್ಠೆಗಳಿಂದಲೋ, ಮತ್ತು ನಂಬಿಕೆಯಿಂದಲೇ ಎಂದಾದರೆ ಆ ನಂಬಿಕೆ ಕೊಡುವ ಸ್ವಾತಂತ್ರ್ಯದಲ್ಲಿ ದಿನದಿನದ ಬದುಕು ಹೇಗಿರಬೇಕು. ಈ ವಿಷಯದ ಮೇಲೆ ನಾನು ಕೇಳಿದ ಪಾಠಗಳಲ್ಲಿ ಇವು ಅತ್ಯುತ್ತಮವಾದವು. ಆದರೆ ಪಾಠವು ಕಟ್ಟಿದ್ದನ್ನು ಅದೇ ತರಗತಿಯ ಹಾಳೆಗಳು ವಾರವಾರವೂ ಕೆಡವುತ್ತ ಬಂದವು ಎಂಬುದನ್ನೂ ನಾನು ಹೇಳಲೇಬೇಕು. ನಡೆಸುವ ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನನ್ನ ಆಕ್ಷೇಪವು ಅವರೊಬ್ಬರಿಗೆ ಸೇರಿದ್ದಲ್ಲ. ಇದೇ ಅಚ್ಚಿನಲ್ಲಿ ತಯಾರಾಗುವ ಭಕ್ತಿಯ ಕೈಪಿಡಿಗಳು, ಮೊಬೈಲ್ ಆ್ಯಪ್‌ಗಳು, ಶಿಷ್ಯತ್ವದ ತರಗತಿಗಳು ಎಷ್ಟೋ ಇವೆ, ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುವವರಿಗಾದರೂ ಈ ಅನುಭವ ಉಪಯೋಗಕ್ಕೆ ಬರಬಹುದು.

ಮೊದಲ ದಿನ ಅಧ್ಯಾಪಕರು ಯಾವ ಪೀಠಿಕೆಯನ್ನೂ ಹಾಕದೆ ಇಡೀ ಪತ್ರಿಕೆಯನ್ನು ನಮ್ಮಿಂದ ಗಟ್ಟಿಯಾಗಿ ಓದಿಸಿದರು. ಆರು ಅಧ್ಯಾಯ, 149 ವಚನಗಳಿರುವ ಬರಹ ಅದು. ಒಂದೇ ಬಾರಿಗೆ ಕೂತು ಓದಿದರೆ ಅರ್ಧ ಗಂಟೆಯೂ ಬೇಡ. ಹಾಗೆ ಓದಿದಾಗಲೇ ಅದು ಬೋಧನೆಯ ಗ್ರಂಥವಲ್ಲ, ಎದೆ ಹೊತ್ತಿಕೊಂಡ ಮನುಷ್ಯನೊಬ್ಬನು ಬರೆದ ಕಾಗದ ಎಂಬುದು ಕಿವಿಗೆ ತಾಕುತ್ತದೆ. ಪೌಲನು ಬೇರೆ ಕ್ರೈಸ್ತ ಸಭೆಗಳಿಗೆ ಬರೆಯುವಾಗ ವಂದನೆಯ ಬೆನ್ನಿಗೇ ಅವರಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸುವುದು ರೂಢಿ. ಇಲ್ಲಿ ಆ ಸ್ತೋತ್ರವೇ ಇಲ್ಲ, ನೇರವಾಗಿ ‘ನೀವು ಇಷ್ಟು ಬೇಗ ತಿರುಗಿಬಿಟ್ಟಿರೆಂದು ನನಗೆ ಆಶ್ಚರ್ಯವಾಗುತ್ತದೆ’ ಎಂಬ ಭಾವದ ಮಾತು. ಇಂದಿನ ಟರ್ಕಿಯ ನಡುಭಾಗದಲ್ಲಿದ್ದ ಆ ಸಭೆಗಳ ಜನ ಯೇಸುವನ್ನು ಬಿಟ್ಟುಕೊಟ್ಟಿರಲಿಲ್ಲ. ಯೇಸುವಿನ ಜೊತೆಗೆ ಸುನ್ನತಿಯೂ ಆಗಬೇಕು, ಮೋಶೆಯ ಧರ್ಮಶಾಸ್ತ್ರದ ದಿನಗಳೂ ತಿಂಗಳುಗಳೂ ಪಾಲನೆಯಾಗಬೇಕು, ಆಗ ಮಾತ್ರ ನೀವು ಪೂರ್ಣರು ಎಂದು ಯಾರೋ ಬಂದು ಹೇಳಿದ್ದರು, ಇವರು ಒಪ್ಪಿಕೊಳ್ಳುವ ಹಂತದಲ್ಲಿದ್ದರು. ನಂಬಿಕೆಯನ್ನು ನಿರಾಕರಿಸಿದವರ ಮೇಲಲ್ಲ, ನಂಬಿಕೆಗೆ ಇನ್ನೊಂದನ್ನು ಕೂಡಿಸಿದವರ ಮೇಲೆ ಪೌಲನು ಇಷ್ಟು ಕಟುವಾಗುತ್ತಾನೆ ಎಂಬುದನ್ನು ಅಧ್ಯಾಪಕರು ಮೊದಲ ದಿನವೇ ನಮ್ಮ ಮನಸ್ಸಿನಲ್ಲಿ ನೆಡುತ್ತಾರೆ. ಕೂಡಿಸಿದ್ದು ಕೆಟ್ಟದ್ದೂ ಅಲ್ಲ. ಅದು ದೇವರ ವಾಕ್ಯದಲ್ಲೇ ಇದ್ದ ಆಜ್ಞೆ. ಒಳ್ಳೆಯದನ್ನೇ ಕೂಡಿಸಿದರೂ ಏಕೆ ಅಪಾಯ ಎಂಬ ಪ್ರಶ್ನೆಯನ್ನು ಅವರು ಹತ್ತು ವಾರವೂ ಕೈಬಿಡಲಿಲ್ಲ.

ಮೂರನೆಯ ವಾರದ ಪಾಠ ಅಂತಿಯೋಕ್ಯದಲ್ಲಿ ನಡೆದ ಜಗಳದ ಕುರಿತು. ಅಲ್ಲಿ ಯೇಸುವಿನ ಶಿಷ್ಯನಾದ ಪೇತ್ರನು ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳ ಜೊತೆ ಕೂತು ಊಟಮಾಡುತ್ತಿದ್ದನು. ಯೆರೂಸಲೇಮಿನ ಸಭೆಯ ಮುಖಂಡನಾದ ಯಾಕೋಬನ ಕಡೆಯಿಂದ ಕೆಲವರು ಬಂದ ಮೇಲೆ ಅಂಜಿ ಹಿಂದೆಗೆದನು, ಉಳಿದ ಯೆಹೂದ್ಯ ವಿಶ್ವಾಸಿಗಳೂ ಕೊನೆಗೆ ಪೌಲನ ಜೊತೆಗಾರನಾದ ಬಾರ್ನಬನೂ ಅವನ ಹಿಂದೆ ಹೋದರು, ಪೌಲನು ಎಲ್ಲರ ಎದುರಿಗೇ ಅವನನ್ನು ಆಕ್ಷೇಪಿಸಿದನು. ಈ ಘಟನೆ ಯೆರೂಸಲೇಮಿನಲ್ಲಿ ಸುಮಾರು ಕ್ರಿ.ಶ. 49ರಲ್ಲಿ ಕೂಡಿದ ಅಪೊಸ್ತಲರ ಸಭೆಗೆ ಮೊದಲೋ ಆಮೇಲೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ ಎಂಬುದನ್ನು ಅಧ್ಯಾಪಕರು ಪ್ರಾಮಾಣಿಕವಾಗಿ ಹೇಳಿ, ಕಾಲದ ಚರ್ಚೆಯಲ್ಲಿ ನಮ್ಮನ್ನು ಕಳೆದುಹೋಗಲು ಬಿಡದೆ ಒಂದು ಸಂಗತಿಯ ಮೇಲೆ ಬೆರಳಿಟ್ಟರು: ಪೇತ್ರನು ಅಲ್ಲಿ ಒಂದು ತಪ್ಪು ಮಾತನ್ನೂ ಬೋಧಿಸಲಿಲ್ಲ. ಅವನು ಎದ್ದು ಹೋದನು, ಅಷ್ಟೆ. ಕೃಪೆಯ ಕುರಿತು ಅವನ ಬಾಯಲ್ಲಿದ್ದ ಉಪದೇಶ ಮೊದಲಿನಂತೆಯೇ ಇತ್ತು. ಆದರೆ ಅವನು ಬಿಟ್ಟೆದ್ದ ಜಾಗವೇ ಉಳಿದವರಿಗೆ ‘ನೀವು ಇನ್ನೂ ಸಾಲದು’ ಎಂದು ಹೇಳಿತು. ಬಾಯಿ ಸಾರಿದ ಸುವಾರ್ತೆಯನ್ನು ಒಂದು ನಡವಳಿಕೆ ಸದ್ದಿಲ್ಲದೆ ರದ್ದುಮಾಡಬಲ್ಲದು ಎಂಬ ಈ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಎರಡು ಗೆರೆ ಎಳೆದು ಬರೆದುಕೊಂಡಿದ್ದೆ. ಮುಂದೆ ಇದೇ ತರಗತಿಯನ್ನು ಅಳೆಯುವುದಕ್ಕೆ ಇದೇ ಮಾತು ನನಗೆ ಅಳತೆಗೋಲಾಗುತ್ತದೆ ಎಂದು ಆಗ ತಿಳಿದಿರಲಿಲ್ಲ.

ಇಡೀ ತರಗತಿಯಲ್ಲಿ ಒಂದೇ ಒಂದು ಪಾಠವನ್ನು ಕೇಳಲು ಯಾರಿಗಾದರೂ ಸಮಯವಿದ್ದರೆ ನಾಲ್ಕನೆಯದನ್ನು ಕೇಳಬೇಕೆಂದು ಹೇಳುತ್ತೇನೆ. ತನ್ನ ಜೊತೆಗಾರನೂ ಗ್ರೀಕನೂ ಆದ ತೀತನಿಗೆ ಸುನ್ನತಿಯಾಗಬೇಕೆಂಬ ಒತ್ತಾಯಕ್ಕೆ ಪೌಲನು ಒಂದು ಗಳಿಗೆಯೂ ಮಣಿಯಲಿಲ್ಲವೆಂದು ಗಲಾತ್ಯ ಪತ್ರಿಕೆಯ ಎರಡನೆಯ ಅಧ್ಯಾಯ ಹೇಳುತ್ತದೆ. ಅದೇ ಪೌಲನು, ತಾಯಿ ಯೆಹೂದ್ಯಳೂ ತಂದೆ ಗ್ರೀಕನೂ ಆಗಿದ್ದ ತಿಮೊಥೆಯನಿಗೆ ತಾನೇ ಸುನ್ನತಿ ಮಾಡಿಸಿದನೆಂದು ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯ ಹೇಳುತ್ತದೆ. ಇವೆರಡನ್ನೂ ಒಟ್ಟಿಗೆ ಇಟ್ಟು, ‘ಇವನು ಮಾತು ತಪ್ಪಿದನೇ?’ ಎಂದು ಕೇಳಿ, ಇಪ್ಪತ್ತು ನಿಮಿಷ ನಮ್ಮನ್ನೇ ಒದ್ದಾಡಲು ಬಿಟ್ಟರು. ಉತ್ತರವನ್ನು ಅವರು ಕೊಟ್ಟ ರೀತಿ ನನಗೆ ಇಂದಿಗೂ ಹಿತವೆನಿಸುತ್ತದೆ. ತೀತನ ವಿಷಯದಲ್ಲಿ ಕೇಳಿದ್ದು ರಕ್ಷಣೆಯ, ಅಂದರೆ ಪಾಪದಿಂದ ಬಿಡುಗಡೆಯ, ಷರತ್ತಾಗಿ; ಒಪ್ಪಿದ್ದರೆ ಕ್ರಿಸ್ತನ ಶಿಲುಬೆ ಸಾಲದೆಂದು ಒಪ್ಪಿದಂತಾಗುತ್ತಿತ್ತು. ತಿಮೊಥೆಯನ ವಿಷಯದಲ್ಲಿ ಯಾರೂ ಅದನ್ನು ರಕ್ಷಣೆಗೆ ಷರತ್ತೆಂದು ಮುಂದಿಡಲಿಲ್ಲ. ಆ ಪ್ರಾಂತ್ಯದ ಯೆಹೂದ್ಯರ ನಡುವೆ ಅಡ್ಡಿಯಿಲ್ಲದೆ ಸೇವೆ ಮಾಡುವುದಕ್ಕೆ ಪೌಲನೇ ಆರಿಸಿಕೊಂಡ ಮಾರ್ಗ ಅದು. ಕೆಲಸ ಒಂದೇ, ಆದರೆ ಒಂದು ಕಡೆ ಅದು ನೊಗ, ಇನ್ನೊಂದು ಕಡೆ ಪ್ರೀತಿ. ಹೀಗಾಗಿ ಕ್ರೈಸ್ತ ಸ್ವಾತಂತ್ರ್ಯವೆಂದರೆ ನಿಯಮವನ್ನು ಮುರಿಯಲೇಬೇಕೆಂಬ ಇನ್ನೊಂದು ನಿಯಮವಲ್ಲ. ಮಾಡುವುದಕ್ಕೂ ಬಿಡುವುದಕ್ಕೂ ಅವಕಾಶವಿರುವುದೇ ಸ್ವಾತಂತ್ರ್ಯ. ಅದರ ದಿಕ್ಕನ್ನು ನಿರ್ಣಯಿಸುವುದು ನೆರೆಯವನ ಹಿತ. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಎಂದು ಪೌಲನು ಹೇಳುವುದು ಇದೇ ಬೇರಿನಿಂದ ಹುಟ್ಟಿದ ಮಾತೆಂದು ತೋರಿಸಿಕೊಟ್ಟರು.

ಐದನೆಯ ವಾರ ‘ಕಾಯುವ ಆಳಿ’ನ ಪಾಠ. ಧರ್ಮಶಾಸ್ತ್ರವು ಕ್ರಿಸ್ತನು ಬರುವ ತನಕ ನಮ್ಮನ್ನು ಕಾಯುವ ಆಳಿನಂತಿತ್ತು ಎಂಬಲ್ಲಿ ಪೌಲನು ಬಳಸುವ ಗ್ರೀಕ್ ಪದ ‘ಪೈದಗೋಗೊಸ್’. ಅವನು ಪಾಠ ಹೇಳುವ ಗುರುವಲ್ಲ; ಮನೆಯ ಹುಡುಗನನ್ನು ಪಾಠಶಾಲೆಗೆ ಕರೆದೊಯ್ದು ಕರೆತರುವ, ದಾರಿಯಲ್ಲಿ ಕೆಟ್ಟವರ ಕೈಗೆ ಸಿಗದಂತೆ ನೋಡಿಕೊಳ್ಳುವ, ನಡತೆ ತಪ್ಪಿದರೆ ಗದರುವ ದಾಸ. ಅವನಿಗೆ ಒಂದು ಗೌರವವಿದೆ, ಒಂದು ಅವಧಿಯೂ ಇದೆ. ಹುಡುಗ ಬೆಳೆದ ಮೇಲೆ ಆ ದಾಸನನ್ನು ಹಗೆಮಾಡುವುದಿಲ್ಲ, ಆದರೆ ಅವನ ಕೈಹಿಡಿದು ನಡೆಯುವುದೂ ಇಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ವಿಶ್ವಾಸಿಯನ್ನು ದಾಸನಲ್ಲ, ಮಗನು ಎಂದು ಕರೆದು, ‘ಅಪ್ಪಾ, ತಂದೆಯೇ’ ಎಂದು ಕೂಗುವ ಆತ್ಮನನ್ನು ದೇವರು ನಮ್ಮ ಹೃದಯಗಳಲ್ಲಿ ಕಳುಹಿಸಿದ್ದಾನೆ ಎನ್ನುವುದನ್ನು ಈ ಚಿತ್ರದ ಪಕ್ಕದಲ್ಲಿಟ್ಟು ಓದಿದಾಗ, ವಿಧಿಗಳಿಗೂ ನಂಬಿಕೆಗೂ ಇರುವ ವ್ಯತ್ಯಾಸವು ವಾದವಾಗಿ ಉಳಿಯದೆ ಮನೆಯೊಳಗಿನ ಸಂಬಂಧವಾಗಿ ಕಂಡಿತು.

ಇಷ್ಟು ಒಳ್ಳೆಯ ಪಾಠಗಳಲ್ಲಿಯೂ ಒಂದು ದೊಡ್ಡ ಕುಂದಿದೆ. ಎರಡನೆಯ ಮತ್ತು ಆರನೆಯ ವಾರಗಳಲ್ಲಿ ಯೆಹೂದ್ಯ ಧರ್ಮವನ್ನು, ಪುಣ್ಯ ಕೂಡಿಸಿ ದೇವರನ್ನು ಕೊಂಡುಕೊಳ್ಳಲು ಹೊರಟವರ ಧರ್ಮವೆಂಬಂತೆ ಚಿತ್ರಿಸಲಾಗಿದೆ. ಇದು ನ್ಯಾಯವಲ್ಲ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಹತ್ತು ಆಜ್ಞೆಗಳು ಶುರುವಾಗುವ ಮೊದಲು ದೇವರು ಹೇಳುವ ಮಾತು, ಐಗುಪ್ತದ ದಾಸತ್ವದಿಂದ ನಿಮ್ಮನ್ನು ಬಿಡಿಸಿದ ದೇವರು ನಾನೇ ಎಂಬುದು. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಬಿಡಿಸಿಕೊಂಡ ಜನ ಬಿಡಿಸಿದವನಿಗೆ ತೋರುವ ನಿಷ್ಠೆಯಾಗಿ ಧರ್ಮಶಾಸ್ತ್ರವನ್ನು ಅನುಸರಿಸಿದರು. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಎಂಬ ವಿದ್ವಾಂಸರು ಆ ಕಾಲದ ಯೆಹೂದ್ಯ ಬರಹಗಳನ್ನು ವಿಸ್ತಾರವಾಗಿ ಪರಿಶೀಲಿಸಿ ಇದನ್ನೇ ವಾದಿಸಿದ ಮೇಲೆ ಪೌಲನ ಅಧ್ಯಯನದ ದಿಕ್ಕೇ ಬದಲಾಯಿತು. ಅವರನ್ನು ಪೂರ್ತಿ ಒಪ್ಪದವರೂ ಹಳೆಯ ವ್ಯಂಗ್ಯಚಿತ್ರಕ್ಕೆ ಸುಲಭವಾಗಿ ಮರಳುವುದಿಲ್ಲ. ಪೌಲನೂ ಪೇತ್ರನೂ ಯಾಕೋಬನೂ ಯೆಹೂದ್ಯರೇ ಆಗಿದ್ದರು, ಅಂತಿಯೋಕ್ಯದ ಜಗಳ ಒಂದೇ ಮನೆಯವರ ಜಗಳ ಎಂಬುದನ್ನು ತರಗತಿ ಮರೆತಂತೆ ಕಾಣುತ್ತದೆ. ಇದು ಚರಿತ್ರೆಯ ತಪ್ಪಷ್ಟೇ ಅಲ್ಲ. ನೇಮನಿಷ್ಠೆಯ ಹಟವನ್ನು ಇನ್ನೊಂದು ಧರ್ಮದವರ ರೋಗವೆಂದು ಹೇಳಿದ ಕ್ಷಣದಲ್ಲಿ ಅದು ನಮ್ಮೊಳಗೆ ಎಲ್ಲಿದೆಯೆಂದು ಹುಡುಕುವ ಕೆಲಸ ನಿಂತುಹೋಗುತ್ತದೆ, ಮತ್ತು ಈ ತರಗತಿಯಲ್ಲಿ ಅದು ನಮ್ಮ ಕೈಯಲ್ಲೇ ಇತ್ತು, ಕೈಪಿಡಿಯ ಕೊನೆಯ ಪುಟಗಳಲ್ಲಿ.

ಆ ಹಾಳೆಯನ್ನು ವಿವರಿಸುತ್ತೇನೆ. ಎಡಗಡೆ ವಾರದ ಏಳು ದಿನಗಳು, ಮೇಲ್ಗಡೆ ಆರು ಅಂಕಣಗಳು: ಪ್ರಾರ್ಥನೆಯ ನಿಮಿಷಗಳು, ಓದಿದ ಅಧ್ಯಾಯಗಳು, ಕಂಠಪಾಠ ಮಾಡಿದ ವಚನ, ಉಪವಾಸ, ಕೂಟಕ್ಕೆ ಹಾಜರಿ, ಇತರರಿಗೆ ನಂಬಿಕೆಯ ಸಾಕ್ಷಿ ಹೇಳಿದ್ದು. ಒಟ್ಟು ನಲವತ್ತೆರಡು ಮನೆಗಳು. ವಾರದ ಕೊನೆಗೆ ತುಂಬಿದ ಮನೆಗಳನ್ನು ಎಣಿಸಿ ಶೇಕಡಾವಾರು ಲೆಕ್ಕ ಹಾಕಿ ಗುಂಪಿನ ಮುಖಂಡರಿಗೆ ಕಳುಹಿಸಬೇಕು. ಅವರು ಮುಂದಿನ ಚರ್ಚೆಯ ಆರಂಭದಲ್ಲಿ ಎಲ್ಲರ ಅಂಕಿಗಳನ್ನೂ ಓದಿ ಹೇಳುತ್ತಾರೆ. ಎಂಬತ್ತಕ್ಕಿಂತ ಹೆಚ್ಚಿದ್ದವರಿಗೆ ಎಲ್ಲರೂ ಅಭಿನಂದನೆ ಹೇಳುತ್ತಾರೆ. ಕಡಿಮೆ ಇದ್ದವರಿಗೆ ಯಾರೂ ಏನೂ ಅನ್ನುವುದಿಲ್ಲ, ಮುಂದಿನ ಹೆಸರಿಗೆ ಹೋಗುತ್ತಾರೆ. ಆ ಮೌನವನ್ನು ನಾನು ಅನುಭವಿಸಿದ್ದೇನೆ.

ಐದನೆಯ ವಾರದ ಪಾಠವಾದ ಎರಡು ದಿನಕ್ಕೆ ನನ್ನ ತಾಯಿ ಆಸ್ಪತ್ರೆ ಸೇರಿದರು. ಹನ್ನೊಂದು ದಿನ ನಾನು ಅವರ ಮಂಚದ ಪಕ್ಕದಲ್ಲೇ ಇದ್ದೆ. ಆ ದಿನಗಳಲ್ಲಿ ನಾನು ಮಾಡಿದ ಪ್ರಾರ್ಥನೆಗೆ ನಿಮಿಷದ ಲೆಕ್ಕ ಇರಲಿಲ್ಲ; ಹೆಚ್ಚಿನ ಹೊತ್ತು ಅದರಲ್ಲಿ ಮಾತೂ ಇರಲಿಲ್ಲ. ಮನೆಗೆ ಬಂದ ರಾತ್ರಿ ಕೈಪಿಡಿ ತೆರೆದೆ, ಹನ್ನೊಂದು ಸಾಲುಗಳು ಖಾಲಿ ಇದ್ದವು. ಆಗ ನನಗೆ ಮೊದಲು ಬಂದ ಭಾವನೆ ತಾಯಿ ಉಳಿದರೆಂಬ ಕೃತಜ್ಞತೆಯಲ್ಲ, ಭಯ: ಇಷ್ಟು ದಿನ ದೇವರಿಂದ ದೂರವಾಗಿಬಿಟ್ಟೆನಲ್ಲ ಎಂಬ ಭಯ. ಕೂತು ಆ ಮನೆಗಳನ್ನು ಒಂದೊಂದಾಗಿ ತುಂಬಿದೆ, ಓದದ ಅಧ್ಯಾಯಗಳನ್ನು ಓದಿದಂತೆ, ಕಲಿಯದ ವಚನಗಳನ್ನು ಕಲಿತಂತೆ ಬರೆದೆ. ಮರುವಾರದ ಚರ್ಚೆಯಲ್ಲಿ ನನ್ನ ಹೆಸರಿನ ಮುಂದೆ ಎಂಬತ್ತಾರು ಎಂದು ಓದಿದರು, ಅಷ್ಟು ಕಷ್ಟದ ನಡುವೆಯೂ ಎಂದು ಎಲ್ಲರೂ ಮೆಚ್ಚಿಕೊಂಡರು. ಕ್ರಿಸ್ತನು ನಮ್ಮನ್ನು ಬಿಡುಗಡೆ ಮಾಡಿದ್ದಾನೆ, ತಿರುಗಿ ದಾಸತ್ವದ ನೊಗಕ್ಕೆ ಸಿಕ್ಕಿಕೊಳ್ಳಬೇಡಿರಿ ಎಂಬ ಅಧ್ಯಾಯಕ್ಕೆ ನಾವು ಬರುತ್ತಿದ್ದ ವಾರವದು. ಆ ವಾರದಲ್ಲಿ ನಾನು ದೇವರ ಹೆಸರಿನಲ್ಲಿ ಸುಳ್ಳು ಲೆಕ್ಕ ಬರೆದಿದ್ದೆ. ಸುಳ್ಳು ನನ್ನದೇ, ಅದನ್ನು ಹಾಳೆಯ ಮೇಲೆ ಹೊರಿಸುವುದಿಲ್ಲ. ಆದರೆ ಆ ಸುಳ್ಳು ಹುಟ್ಟುವುದಕ್ಕೆ ಬೇಕಾದ ಭಯ ನನಗೆ ಪಾಠದಿಂದ ಬಂದಿರಲಿಲ್ಲ.

ಎರಡು ದಿನ ಬಿಟ್ಟು ನಮ್ಮ ಗುಂಪಿನ ಹಿರಿಯ ಮಹಿಳೆಯೊಬ್ಬರಿಗೆ ಫೋನ್ ಮಾಡಿ ಇದನ್ನು ಒಪ್ಪಿಕೊಂಡೆ. ಅವರು ಮೊದಲ ವಾರದಿಂದಲೂ ಹಾಳೆಯನ್ನು ತುಂಬಿರಲಿಲ್ಲ. ಅವರ ಹೆಸರು ಬಂದಾಗ ಮುಖಂಡರು ಪ್ರತಿವಾರವೂ ಸುಮ್ಮನೆ ದಾಟಿಹೋಗುತ್ತಿದ್ದರು. ನಾನು ಹೇಳಿ ಮುಗಿಸುವ ತನಕ ಸುಮ್ಮನಿದ್ದು, “ಹನ್ನೊಂದು ದಿನ ಅಮ್ಮನ ಹತ್ತಿರ ಕೂತಿದ್ದೆಯಲ್ಲಮ್ಮ, ಅದನ್ನು ಬರೆಯುವುದಕ್ಕೆ ಆ ಹಾಳೆಯಲ್ಲಿ ಒಂದು ಮನೆಯೂ ಇಲ್ಲ, ನೋಡು” ಎಂದರು. ಆಮೇಲೆ ಫೋನಿನಲ್ಲೇ ನನಗಾಗಿ ಪ್ರಾರ್ಥಿಸಿದರು. ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಪೌಲನು ಆತ್ಮನಿಂದ ಉಂಟಾಗುವ ಫಲವೆಂದು ಒಂಬತ್ತನ್ನು ಹೇಳುತ್ತಾನೆ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ಹಾಳೆಯ ಆರು ಅಂಕಣಗಳಲ್ಲಿ ಈ ಒಂಬತ್ತರಲ್ಲಿ ಒಂದೂ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ, ಏಕೆಂದರೆ ಫಲವು ಬೆಳೆಯುವಂಥದ್ದು, ಎಣಿಸಿ ಒಪ್ಪಿಸುವಂಥದ್ದಲ್ಲ.

ಈ ಅನುಭವ ಹೊಸದೇನೂ ಅಲ್ಲವೆಂದು ನನಗೆ ತಿಳಿದದ್ದು ಎಂಟನೆಯ ವಾರದ ಪಾಠದಲ್ಲಿ. ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1505ರಲ್ಲಿ ಜರ್ಮನಿಯ ಎರ್ಫುರ್ಟ್‌ನ ಅಗಸ್ಟೀನಿಯನ್ ಮಠವನ್ನು ಸೇರಿದರು. ದಿನದ ಗೊತ್ತಾದ ಹೊತ್ತುಗಳಲ್ಲಿ ಹೇಳಲೇಬೇಕಾದ ಪ್ರಾರ್ಥನೆಗಳು ಅಲ್ಲಿ ಸನ್ಯಾಸಿಗಳಿಗೆ ಕಡ್ಡಾಯ. ಮುಂದೆ ಬೋಧನೆ, ಬರವಣಿಗೆಗಳ ಕೆಲಸ ಹೆಚ್ಚಿದಾಗ ಅವರಿಗೆ ಆ ಪ್ರಾರ್ಥನೆಗಳು ಬಾಕಿ ಉಳಿಯತೊಡಗಿದವು. ಅವರು ವಾರದ ಬಾಕಿಯನ್ನು ಕೂಡಿಟ್ಟು, ಒಂದು ದಿನ ಬಾಗಿಲು ಮುಚ್ಚಿಕೊಂಡು, ಊಟ ನಿದ್ರೆಗಳನ್ನು ಬಿಟ್ಟು ಎಲ್ಲವನ್ನೂ ಹೇಳಿ ತೀರಿಸುತ್ತಿದ್ದರು, ಕೊನೆಗೆ ಬಾಕಿ ತೀರಿಸಲಾಗದಷ್ಟು ಬೆಳೆದು ಕೈಬಿಡಬೇಕಾಯಿತು. ಈ ಸಂಗತಿಯನ್ನು ಮುಂದೆ ಅವರೇ ನೆನಪಿಸಿಕೊಂಡಿದ್ದಾರೆ. ಪ್ರಾರ್ಥನೆ ಸಾಲವಾದಾಗ ಹೀಗೆಯೇ ಆಗುತ್ತದೆ: ಸಾಲಗಾರನಿಗೆ ಸಾಲ ಕೊಟ್ಟವನ ಮುಖ ನೋಡುವ ಮನಸ್ಸಾಗುವುದಿಲ್ಲ. ಅಧ್ಯಾಪಕರು ಈ ಕಥೆಯನ್ನು ಬಹಳ ಮನಮುಟ್ಟುವಂತೆ ಹೇಳಿದರು. ಹೇಳಿ ಮುಗಿಸಿ, ಈ ವಾರದ ಹಾಳೆಗಳನ್ನು ಶುಕ್ರವಾರದೊಳಗೆ ಕಳುಹಿಸಿ ಎಂದು ನೆನಪಿಸಿದರು. ಅವರಿಗೆ ಇವೆರಡರ ನಡುವಿನ ಸಂಬಂಧ ಕಾಣಲಿಲ್ಲವೆಂದು ನನಗೆ ಈಗಲೂ ದುಃಖವಾಗುತ್ತದೆ. ಅಂತಿಯೋಕ್ಯದ ಪಾಠವನ್ನು ಅಷ್ಟು ಚೆನ್ನಾಗಿ ಹೇಳಿದವರು ಅವರೇ.

ಶಿಸ್ತೇ ಬೇಡವೆಂದು ನಾನು ಹೇಳುತ್ತಿಲ್ಲ, ಹಾಗೆ ಅರ್ಥವಾಗಬಾರದು. ದಿನವೂ ಒಂದು ಹೊತ್ತನ್ನು ಎತ್ತಿಡದೆ ಪ್ರಾರ್ಥನೆ ಉಳಿಯುವುದಿಲ್ಲವೆಂಬುದು ನನ್ನದೇ ಅನುಭವ. ಯೇಸುವೂ ಮುಂಜಾನೆ ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನು ಬರೆದಿದ್ದಾನೆ. ನನ್ನ ಆಕ್ಷೇಪ ಶಿಸ್ತಿಗಲ್ಲ, ಒಟ್ಟು ಹಾಕುವುದಕ್ಕೆ ಮತ್ತು ಓದಿ ಹೇಳುವುದಕ್ಕೆ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಹೆಸರಿಸುತ್ತಾನೆ, ಮೂರನ್ನೂ ಮಾಡುವಿರೆಂದೇ ಭಾವಿಸಿ ಮಾತಾಡುತ್ತಾನೆ, ಮೂರನ್ನೂ ಅಂತರಂಗದಲ್ಲಿ ನೋಡುವ ತಂದೆಯ ಮುಂದೆ ಮಾಡಿರಿ ಎನ್ನುತ್ತಾನೆ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿರೆಂದು ಹೇಳಿದ ಗುರುವಿನ ಶಿಷ್ಯರು ಪ್ರಾರ್ಥನೆಯ ನಿಮಿಷಗಳನ್ನು ಹನ್ನೆರಡು ಮಂದಿಯ ಮುಂದೆ ಓದಿಸುವುದು ಹೇಗೆ ಸರಿ? ಆ ಹಾಳೆಯನ್ನು ಯಾರಿಗೂ ತೋರಿಸದೆ, ಕೂಡಿಸದೆ, ಮರೆವಿಗೆ ಮದ್ದಾಗಿ ಇಟ್ಟುಕೊಂಡಿದ್ದರೆ ಅದು ಕಾಯುವ ಆಳಿನಂತೆ ಒಳ್ಳೆಯದನ್ನೇ ಮಾಡುತ್ತಿತ್ತೇನೋ. ಅಂಕಿಯಾಗಿ ಗುಂಪಿನ ಮುಂದೆ ನಿಂತ ಕೂಡಲೇ ಅದು ಯಾರು ಪೂರ್ಣರು, ಯಾರು ಸಾಲದವರು ಎಂದು ನಿರ್ಣಯಿಸುವ ಸುನ್ನತಿಯಾಯಿತು.

ಒಂಬತ್ತನೆಯ ವಾರ ಇನ್ನೊಂದು ಬದಿಯ ಅಪಾಯದ ಕುರಿತು. ಸ್ವಾತಂತ್ರ್ಯವನ್ನು ಶರೀರಭಾವಕ್ಕೆ ಆಸ್ಪದವಾಗಿ ಬಳಸಬೇಡಿರಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆಮಾಡಿರಿ ಎಂಬ ವಚನವನ್ನು ಇಟ್ಟುಕೊಂಡು, ಲೂಥರ್ 1520ರಲ್ಲಿ ಪೋಪ್ ಹತ್ತನೆಯ ಲಿಯೋಗೆ ಬರೆದ ಪತ್ರದ ಜೊತೆಗೆ ಕಳುಹಿಸಿದ ಕಿರುಹೊತ್ತಗೆಯ ಎರಡು ವಾಕ್ಯಗಳನ್ನು ವಿವರಿಸಿದರು: ಕ್ರೈಸ್ತನು ಎಲ್ಲಕ್ಕೂ ಒಡೆಯ, ಯಾರಿಗೂ ಅಧೀನನಲ್ಲ, ಕ್ರೈಸ್ತನು ಎಲ್ಲರಿಗೂ ದಾಸ, ಎಲ್ಲರಿಗೂ ಅಧೀನ. ಮೊದಲನೆಯದು ನಂಬಿಕೆಯಿಂದ, ಎರಡನೆಯದು ಪ್ರೀತಿಯಿಂದ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಎರಡೂ ಹೋಗುತ್ತವೆ. ಕೃಪೆಯ ಹೆಸರಿನಲ್ಲಿ ಶಿಷ್ಯತ್ವವನ್ನೇ ಬಿಟ್ಟುಬಿಡುವುದನ್ನು ‘ಅಗ್ಗದ ಕೃಪೆ’ ಎಂದು 1937ರಲ್ಲಿ ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಕ್ ಬೋನ್‌ಹೋಫರ್ ಕರೆದದ್ದನ್ನೂ ನೆನಪಿಸಿದರು. ಇಷ್ಟರ ಮಟ್ಟಿಗೆ ಪಾಠ ಚೆನ್ನಾಗಿದೆ. ಆದರೆ ಹೊಸ ಒಡಂಬಡಿಕೆಯಲ್ಲೇ ಇರುವ ಯಾಕೋಬನ ಪತ್ರಿಕೆಗೆ ಐದೇ ನಿಮಿಷ ಕೊಟ್ಟದ್ದು ಸಾಲದು. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನೂ, ನೇಮನಿಷ್ಠೆಗಳಿಂದ ಯಾರೂ ನೀತಿವಂತರಾಗುವುದಿಲ್ಲ ಎನ್ನುವ ಪೌಲನೂ ಒಬ್ಬನೇ ಅಬ್ರಹಾಮನನ್ನು, ಆದಿಕಾಂಡದ ಹದಿನೈದನೆಯ ಅಧ್ಯಾಯದ ಒಂದೇ ವಚನವನ್ನು ಆಧಾರವಾಗಿ ಕೊಡುತ್ತಾರೆ. ಯಾಕೋಬನು ಅದಕ್ಕೆ ಇಸಾಕನನ್ನು ಯಜ್ಞವೇದಿಯ ಮೇಲೆ ಇಟ್ಟ ಸಂಗತಿಯನ್ನು ಸೇರಿಸುತ್ತಾನೆ. ಇಬ್ಬರೂ ‘ನಂಬಿಕೆ’ ಎಂಬ ಮಾತಿನಿಂದ ಒಂದೇ ಅರ್ಥವನ್ನು ಹೇಳುತ್ತಿದ್ದಾರೆಯೇ ಎಂಬುದು ಒಂದು ಇಡೀ ಪಾಠಕ್ಕೆ ತಕ್ಕ ಪ್ರಶ್ನೆ. ದೆವ್ವಗಳೂ ನಂಬಿ ನಡುಗುತ್ತವೆ ಎಂದು ಯಾಕೋಬನು ಹೇಳುವ ನಂಬಿಕೆ, ಪ್ರೀತಿಯಿಂದ ಕೆಲಸ ನಡಿಸುವ ನಂಬಿಕೆ ಎಂದು ಪೌಲನು ಹೇಳುವುದಕ್ಕಿಂತ ಬೇರೆಯೇ ಎಂದು ನನಗೆ ತೋರುತ್ತದೆ.

ಕ್ಯಾಥೊಲಿಕ್ ಸಭೆಯನ್ನು ಕ್ರಿಯೆಗಳಿಂದಲೇ ರಕ್ಷಣೆ ಎನ್ನುವ ಸಭೆ ಎಂದು ಎರಡು ಕಡೆ ಹೇಳಿರುವುದನ್ನೂ ತಿದ್ದಬೇಕು. ಮನುಷ್ಯನು ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಲ್ಲನೆಂಬ ಮಾತನ್ನು ಆ ಸಭೆಯ ಧರ್ಮಾಧ್ಯಕ್ಷರು ಕೂಡಿದ ಟ್ರೆಂಟ್ ಸಮ್ಮೇಳನವೇ 1547ರ ತನ್ನ ತೀರ್ಮಾನದಲ್ಲಿ ತಳ್ಳಿಹಾಕಿತ್ತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕ್ಯಾಥೊಲಿಕ್ ಸಭೆಯೂ ಈ ವಿಷಯದ ಮೇಲೆ ಜಂಟಿ ಘೋಷಣೆಗೆ ಸಹಿ ಮಾಡಿದವು, 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟವೂ ಅದಕ್ಕೆ ಸೇರಿಕೊಂಡವು. ಭಿನ್ನಾಭಿಪ್ರಾಯಗಳು ಉಳಿದಿವೆ, ನಿಜ. ಆದರೆ ಇಂಥ ತರಗತಿಯಲ್ಲಿ ಕೂತವನಿಗೆ ಈ ಘೋಷಣೆಯ ಸುದ್ದಿಯೇ ತಲುಪದಿದ್ದರೆ ಅವನು ಐನೂರು ವರ್ಷ ಹಳೆಯ ಜಗಳವನ್ನು ಮಾತ್ರ ಮನೆಗೆ ಕೊಂಡೊಯ್ಯುತ್ತಾನೆ.

ಉಳಿದ ಅಂಶಗಳನ್ನು ಬೇಗ ಹೇಳಿಬಿಡುತ್ತೇನೆ. ಧ್ವನಿಮುದ್ರಣ ಸ್ಪಷ್ಟವಾಗಿದೆ, ತಪ್ಪಿದ ಪಾಠವನ್ನು ಆಮೇಲೆ ಕೇಳಬಹುದು. ಕೈಪಿಡಿಯ ಟಿಪ್ಪಣಿಗಳು ಚಿಕ್ಕವು, ಅಚ್ಚುಕಟ್ಟಾಗಿವೆ, ಅಕ್ಷರ ಮಾತ್ರ ವಯಸ್ಸಾದವರಿಗೆ ಸಣ್ಣದು. ಗುಂಪಿನ ಮುಖಂಡರು ಸಜ್ಜನರು; ಕೊಟ್ಟ ಕ್ರಮವನ್ನು ಅವರು ನಿಷ್ಠೆಯಿಂದ ನಡೆಸಿದರು, ಅವರನ್ನು ದೂರುವಂತಿಲ್ಲ.

ಧಾರ್ಮಿಕ ವಿಧಿಗಳ ಭಾರದಿಂದ ದಣಿದವರು, ದೇವರನ್ನು ನೆನೆದಾಗಲೆಲ್ಲ ತಪ್ಪಿತಸ್ಥ ಭಾವವೇ ಮುಂದೆ ಬರುವವರು, ಈ ತರಗತಿಯ ಮೂರನೆಯ, ನಾಲ್ಕನೆಯ, ಐದನೆಯ ಪಾಠಗಳನ್ನು ಅಗತ್ಯವಾಗಿ ಕೇಳಬೇಕು. ಆದರೆ ಅಂಥವರೇ ದಿನಚರಿಯ ಹಾಳೆಯಿಂದ ದೂರ ಇರಬೇಕು, ಏಕೆಂದರೆ ಅದು ಗಟ್ಟಿಮನಸ್ಸಿನವರನ್ನು ಬಿಟ್ಟು ಅವರನ್ನೇ ಮೊದಲು ಹಿಡಿಯುತ್ತದೆ. ಹಾಳೆ ಕಡ್ಡಾಯವೇ ಎಂದು ನಾನು ಕೊನೆಯ ವಾರ ಕೇಳಿದಾಗ, ಕಡ್ಡಾಯವಲ್ಲ, ಆದರೆ ತುಂಬದವರಿಗೆ ಪೂರ್ಣಗೊಳಿಸಿದ ಪ್ರಮಾಣಪತ್ರ ಬರುವುದಿಲ್ಲ ಎಂಬ ಉತ್ತರ ಬಂತು. ನನಗೆ ಪ್ರಮಾಣಪತ್ರ ಬಂದಿತ್ತು. ಸುಳ್ಳು ಬರೆದ ವಾರಗಳನ್ನು ವಿವರಿಸಿ ಅದನ್ನು ಹಿಂತಿರುಗಿಸಿದೆ, ಇಲ್ಲಿ ಹೇಳಿದ್ದನ್ನೆಲ್ಲ ಸಂಸ್ಥೆಗೂ ಬರೆದೆ. ಅಧ್ಯಾಪಕರೇ ಉತ್ತರ ಕೊಟ್ಟರು: ಅಂತಿಯೋಕ್ಯದ ಪಾಠವನ್ನು ತಾವೇ ಮತ್ತೆ ಕೇಳಿಸಿಕೊಂಡುದಾಗಿಯೂ, ಮುಂದಿನ ತಂಡಕ್ಕೆ ಅಂಕಿಗಳನ್ನು ಓದಿ ಹೇಳುವುದನ್ನು ನಿಲ್ಲಿಸುವುದಾಗಿಯೂ, ಹಾಳೆಗಳ ಜಾಗದಲ್ಲಿ ಗೆರೆಗಳಿಲ್ಲದ ಖಾಲಿ ಪುಟಗಳನ್ನು ಇಡುವ ಯೋಚನೆ ಇರುವುದಾಗಿಯೂ ಬರೆದಿದ್ದಾರೆ. ಆ ಪರಿಷ್ಕೃತ ಕೈಪಿಡಿ ಇನ್ನೂ ನನ್ನ ಕೈಸೇರಿಲ್ಲವಾದ್ದರಿಂದ ಈ ವಿಮರ್ಶೆ ನಾನು ಕೂತು ಮುಗಿಸಿದ ಹತ್ತು ವಾರಗಳಿಗೆ ಮಾತ್ರ ಸಲ್ಲುತ್ತದೆ. ನಮ್ಮ ಗುಂಪಿನ ಆ ಹಿರಿಯ ಮಹಿಳೆ ಮುಂದಿನ ತಂಡಕ್ಕೂ ಹೆಸರು ಕೊಟ್ಟಿದ್ದಾರೆ.